ಸಿರುಗುಪ್ಪದಾಕಿಯ ಕಲ್ಲು

ಆ ರೋಮನ್ ಊರನ್ನು ಯಾವ ಶತ್ರುವೂ ಕೆಡವಲಿಲ್ಲ. ಸೊಸೆಯಂದಿರು ಕೆಡವಿದರು. ಮನೆಗೆ ಸೊಸೆ ಬಂದಾಗಲೆಲ್ಲ ಒಂದೊಂದು ಕಲ್ಲು ಹೊತ್ತುಕೊಂಡು ಹೋದರು, ಊರು ಮುಗಿಯಿತು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಇದನ್ನು ನಾನು ಹೇಳಿದ್ದು ನಮ್ಮ ಸಹನಾಗೆ. ಸಹನಾ ನನ್ನ ಮಗಳು ಶೈಲಜಾಳ ಮಗಳು, ಬಳ್ಳಾರಿಯಲ್ಲೇ ಕಾಲೇಜಿಗೆ ಹೋಗಿ ಚರಿತ್ರೆ ಓದುತ್ತಾಳೆ. ಯಜಮಾನರು ತೀರಿಕೊಂಡ ಮೇಲೆ ನಾನೂ ಸತ್ಯನಾರಾಯಣಪೇಟೆಯಲ್ಲಿ ಇವರ ಜೊತೆಗೇ ಇದ್ದೇನೆ. ಅವತ್ತು ಹಿತ್ತಿಲಲ್ಲಿ ನನ್ನ ಒಗೆಯುವ ಕಲ್ಲಿನ ಮುಂದೆ ಕೂತು ಸೀರೆಗೆ ಸಬಕಾರ ಹಚ್ಚುತ್ತಿದ್ದೆ. ಅವಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಅಮ್ಮಮ್ಮಾ, ನೋಡಿಲ್ಲಿ. ಎರಡು ಸಾವಿರ ವರ್ಷದ ಊರು. ಇದು ಹೆಂಗ ಹಾಳಾತು ಅಂತ ಮುಂದಿನ ವಾರ ನಾನು ಕ್ಲಾಸಿನ್ಯಾಗ ಮಾತಾಡಬೇಕು."

ಕೈ ಒರೆಸಿಕೊಂಡು ನೋಡಿದೆ. ಆಫ್ರಿಕಾದ ಬಡಗಣ ಅಂಚಿನಲ್ಲಿ ಇದೆಯಂತೆ. ಅದರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಬಿಟ್ಟೆ. ಉದ್ದಕ್ಕೆ ಕಲ್ಲು ಹಾಸಿದ ರಸ್ತೆ, ಅದರ ಮೇಲೆ ಗಾಡಿಯ ಗಾಲಿ ಉಜ್ಜಿ ಆದ ಗೆರೆ, ಎರಡೂ ಕಡೆ ತಲೆ ಇಲ್ಲದ ಕಂಬಗಳು. ಒಂದು ಮನೆಗೂ ಚಾವಣಿ ಇಲ್ಲ.

"ನಿಮ್ಮ ಮೇಡಂ ಏನಂತಾರ?"

"ದಂಡೆತ್ತಿ ಬಂದ್ರು ಅಂತಾರ. ಭೂಮಿ ನಡುಗ್ತು ಅಂತಾರ. ರೋಗ ಬಂತು ಅಂತಾರ. ಮಳಿ ಕಡಿಮಿ ಆತು ಅಂತನೂ ಅಂತಾರ."

"ಎಲ್ಲಾ ಒಂದ ಊರಿಗೆ ಬಂತೇನು? ಪಾಪ."

ಅವಳು ಬೆರಳಿನಿಂದ ಚಿತ್ರ ಸರಿಸಿದಳು. ಆ ಹಾಳೂರಿನ ಮಗ್ಗುಲಲ್ಲಿ ಈಗಲೂ ಒಂದು ಹಳ್ಳಿ ಇದೆ. ಮಣ್ಣಿನ ಗೋಡೆ, ಕುರಿ, ಹಗ್ಗದ ಮೇಲೆ ಬಟ್ಟೆ. ಒಂದು ಮನೆಯ ಮುಂದೆ ದುಂಡು ಕಂಬದ ತುಂಡೊಂದು ಅಡ್ಡ ಬಿದ್ದಿತ್ತು. ಅದರ ಮೇಲೆ ಒದ್ದೆ ಕಂಬಳಿ, ಪಕ್ಕದಲ್ಲಿ ಬಕೆಟ್ಟು. ಬೇರೆ ಯಾರಿಗಾದರೂ ಅದು ಕಂಬ. ನನಗೆ ಅದು ಒಗೆಯುವ ಕಲ್ಲೆಂದು ನೋಡಿದ ತಕ್ಷಣ ಗೊತ್ತಾಯಿತು. ಆಗಲೇ ನಾನು ಸೊಸೆಯಂದಿರ ಮಾತು ಹೇಳಿದ್ದು.

ಅವಳು ನಕ್ಕು, "ಇದನ್ನ ಹೇಳಿದ್ರ ಮಾರ್ಕ್ಸ್ ಹಾಕಾಂಗಿಲ್ಲ," ಅಂದಳು.

"ಹಾಕದಿದ್ರ ಬಿಡು. ಇದೇನು, ಕಲ್ಲಿನ ಬೆಂಚಿಗೆ ಸಾಲಾಗಿ ತೂತು ಕೊರದಾರ?"

"ಸಂಡಾಸು."

"ನಡುವ ಅಡ್ಡಗೋಡಿ ಇಲ್ಲ?"

"ಇಲ್ಲ. ಎಲ್ಲಾರೂ ಮಗ್ಗಲಿಗೆ ಮಗ್ಗಲು ಕುಂತು ಮಾತಾಡಿಕೋತ ಮುಗಿಸ್ತಿದ್ರಂತ."

ಅಲ್ಲಿಯವರೆಗೆ ಆ ರೋಮನ್ನರು ನನಗೆ ಯಾರೋ ಆಗಿದ್ದರು. ಈ ಬೆಂಚು ನೋಡಿದ ಮೇಲೆ ನಮ್ಮವರೇ ಅನ್ನಿಸಿಬಿಟ್ಟಿತು. ಗಂಡನ ಊರು ಕುರುಗೋಡಿನಲ್ಲಿ ನಾವು ಓಣಿಯ ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆ ಚೆಂಬು ಹಿಡಿದು ಜಾಲಿ ಮರೆಗೆ ಹೋಗುತ್ತಿದ್ದೆವು. ಊರಿನ ಸುದ್ದಿಯೆಲ್ಲ ಅಲ್ಲೇ. ಯಾರ ಮನೆಯಲ್ಲಿ ಯಾರು ಮುನಿದಿದ್ದಾರೆ, ಯಾರಿಗೆ ದಿನ ತುಂಬಿದೆ, ಯಾರ ಎಮ್ಮೆ ಹಾಲು ಬತ್ತಿದೆ, ಎಲ್ಲ. ಈಗ ಮನೆಗೊಂದು ಸಂಡಾಸು ಆಗಿದೆ. ಒಳ್ಳೆಯದೇ ಆಯಿತು, ಹಾವು ಚೇಳಿನ ಭಯ ತಪ್ಪಿತು. ಆದರೆ ಒಬ್ಬಳೇ ಚಿಲಕ ಹಾಕಿಕೊಂಡು ಕೂತರೆ ಯಾವ ಸುದ್ದಿ ಸಿಗುತ್ತದೆ?

ಕಲ್ಲಿನ ವಿಷಯ ನನಗೆ ಮೊದಲು ಗೊತ್ತಾದದ್ದೂ ಆ ಜಾಲಿ ಮರೆಯಲ್ಲೇ. ಅದನ್ನು ಹೇಳುವ ಮುಂಚೆ ನನ್ನ ತವರಿನ ಮಾತು ಹೇಳಬೇಕು, ಇಲ್ಲದಿದ್ದರೆ ಒಂದು ಕಲ್ಲಿಗೆ ಈ ಮುದುಕಿ ಇಷ್ಟೇಕೆ ಬಾಯಿ ಮಾಡುತ್ತಾಳೆ ಅನ್ನಿಸೀತು ನಿಮಗೆ.

ನನ್ನ ತವರು ಸಿರುಗುಪ್ಪ. ಅಲ್ಲಿ ಹೊಳೆ ಇದೆ, ಕಾಲುವೆ ಇದೆ, ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ ಇದೆ. ಕಲ್ಲು ಮಾತ್ರ ಇಲ್ಲ. ಎಲ್ಲ ಎರೆಮಣ್ಣು. ನಾಯಿಗೆ ಬೀಸಿ ಒಗೆಯಲು ಒಂದು ಕಲ್ಲು ಬೇಕೆಂದರೂ ಹುಡುಕಬೇಕು, ಅಷ್ಟರಲ್ಲಿ ನಾಯಿ ತಾನಾಗಿಯೇ ಬೇಸತ್ತು ಹೋಗಿರುತ್ತದೆ. ನಮ್ಮ ಓಣಿಯ ಹೆಂಗಸರಿಗೆಲ್ಲ ಬಟ್ಟೆ ಒಗೆಯಲು ಇದ್ದದ್ದು ಕಾಲುವೆಯ ತೂಬಿನ ಹತ್ತಿರದ ಒಂದೇ ಒಂದು ಚಪ್ಪಡಿ. ಅದು ಸಿಕ್ಕದವರು ಹಲಗೆಯ ಮೇಲೆ ಒಗೆಯಬೇಕು. ಹಲಗೆ ನೆನೆದು ಜಾರುತ್ತದೆ, ಬಟ್ಟೆಗೆ ಕೆಸರು ಹತ್ತುತ್ತದೆ, ಒಗೆದದ್ದನ್ನೇ ಮತ್ತೆ ಒಗೆಯಬೇಕು. ಹಾಗಾಗಿ ಅವ್ವ ನನ್ನನ್ನು ಬೆಳಿಗ್ಗೆ ಎಬ್ಬಿಸಿ, "ಹೋಗು, ಕಲ್ಲಿನ ಮ್ಯಾಲೆ ಕುಂದ್ರು," ಅಂತ ಕಳಿಸುತ್ತಿದ್ದಳು. ನಾನು ಹೋಗಿ ಕೂರುತ್ತಿದ್ದೆ. ಅವ್ವ ಬಟ್ಟೆಯ ಬುಟ್ಟಿ ಹೊತ್ತು ಬರುವ ತನಕ ಏಳುವಂತಿಲ್ಲ. ಯಾರಾದರೂ "ಎದ್ದೇಳಲೇ" ಅಂದರೆ ಕಚ್ಚಿಯಾದರೂ ಸರಿ, ಜಾಗ ಬಿಡುವಂತಿಲ್ಲ. ಒಮ್ಮೆ ಕಚ್ಚಿದ್ದೇನೆ ಕೂಡ. ಕಚ್ಚಿಸಿಕೊಂಡವಳು ಮುಂದೆ ನನ್ನ ಮದುವೆಗೆ ಬಂದು ಉಂಡು ಹೋದಳು.

ಶಾಲೆ ನಾಲ್ಕನೆಯ ಕ್ಲಾಸಿಗೇ ನಿಂತಿತು. ಕಲ್ಲಿನ ಮೇಲೆ ಕೂತ ಹೊತ್ತನ್ನು ಶಾಲೆಯ ಮಣೆಯ ಮೇಲೆ ಕೂತಿದ್ದರೆ ಇವತ್ತು ನಾನೇ ಸಹನಾಳ ಮೇಡಂ ಆಗಿರುತ್ತಿದ್ದೆ. ಎಲ್ಲರಿಗೂ ಮಾರ್ಕ್ಸ್ ಹಾಕುತ್ತಿರಲಿಲ್ಲ.

ಹೀಗಿದ್ದವಳನ್ನು ಕುರುಗೋಡಿಗೆ ಕೊಟ್ಟರು. ಬಂಡಿ ಊರು ಸಮೀಪಿಸಿದಾಗ ನಾನು ಗಂಡನ ಮುಖ ನೋಡಲಿಲ್ಲ, ಗುಡ್ಡ ನೋಡಿದೆ. ಒಂದರ ಮೇಲೊಂದು ಬಂಡೆ. ಹೊಲದಲ್ಲಿ ಕಲ್ಲು, ದಾರಿಯಲ್ಲಿ ಕಲ್ಲು, ಯಾವ ಕಾಲದ್ದೋ ಗುಡಿಗಳ ಕಲ್ಲು. ಇಷ್ಟು ಕಲ್ಲಿರುವ ಊರಲ್ಲಿ ಸುಖವಾಗಿರುತ್ತೇನೆ ಅಂದುಕೊಂಡೆ. ನಗಬೇಡಿ. ಬೇರೆ ಹುಡುಗಿಯರು ಬೇರೆ ಏನನ್ನೋ ಅಂದುಕೊಳ್ಳುತ್ತಾರೆ, ನಾನು ಇದನ್ನು ಅಂದುಕೊಂಡೆ. ಮನೆಗಳ ಹಿತ್ತಿಲು ನೋಡಿದ ಮೇಲಂತೂ ಬಾಯಿ ಬಿಟ್ಟೆ. ಒಂದೊಂದು ಹಿತ್ತಿಲಲ್ಲಿ ಒಂದೊಂದು ಒಗೆಯುವ ಕಲ್ಲು, ಅದೂ ಕೆತ್ತಿದ ಕಲ್ಲು. ಒಂದರ ಅಂಚಿಗೆ ಬಳ್ಳಿ, ಒಂದಕ್ಕೆ ತಾವರೆ.

ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಜಾಲಿ ಮರೆಯಲ್ಲಿ ಗಂಗಮ್ಮ ಕೇಳಿದಳು, "ಏನವ್ವಾ, ನಿನಗಿನ್ನೂ ಕಲ್ಲು ಬಂದಿಲ್ಲೇನು?"

ಗಂಗಮ್ಮ ನನ್ನ ನೆಗೆಣ್ಣಿ, ಅಂದರೆ ಯಜಮಾನರ ಅಣ್ಣ ದೊಡ್ಡಬಸಪ್ಪ ಭಾವನ ಹೆಂಡತಿ. ನನಗಿಂತ ಮೊದಲು ಆ ಮನೆಗೆ ಬಂದವಳು. ನಾನು ಬರುವಷ್ಟರಲ್ಲಿ ಅವರು ಬೇರೆ ಮನೆ ಮಾಡಿದ್ದರು. ಅವಳೇ ಹೇಳಿದಳು: ನಮ್ಮ ಓಣಿಯಲ್ಲಿ ಸೊಸೆ ಬಂದ ವರ್ಷ ಗಂಡನ ಮನೆಯವರು ಅವಳಿಗೊಂದು ಒಗೆಯುವ ಕಲ್ಲು ತಂದು ಹಾಕಬೇಕು. ಹೊಲದ ದಾರಿಯಲ್ಲಿ ದೇವರಿಲ್ಲದ ಒಂದು ಹಾಳು ಮಂಟಪ ಇತ್ತು, ಕಲ್ಲು ಬರುವುದು ಅಲ್ಲಿಂದ. ಗಂಡಸರು ಹಾರೆ ಹಾಕಿ ಎಬ್ಬಿಸಿ, ಬಂಡಿಯ ಮೇಲೆ ಹೇರಿ, ಮುಂದೆ ಹಲಗೆ ವಾದ್ಯ ಬಡಿಸುತ್ತ ತರುತ್ತಿದ್ದರು. ಆಮೇಲೆ ಆ ಕಲ್ಲಿಗೆ ಸೊಸೆಯ ತವರಿನ ಹೆಸರು. ಆದವಾನಿಯಾಕಿ ಕಲ್ಲು, ರೂಪನಗುಡಿಯಾಕಿ ಕಲ್ಲು, ಹೀಗೆ. ಗಂಗಮ್ಮನದು ಎಲ್ಲಕ್ಕಿಂತ ಚೆಂದ. ಹಂಸದ ಸಾಲು ಕೆತ್ತಿದ್ದು. ಅವಳು ಒಗೆಯುವಾಗ ಹಂಸಗಳ ಮೇಲೆ ನೊರೆ ಹರಿದು ಅವು ಈಜಿದಂತೆ ಕಾಣುತ್ತಿತ್ತು. ಅದನ್ನು ನೋಡಲಿ ಎಂದೇ ಅವಳು ನನ್ನನ್ನು ಕರೆಯುತ್ತಿದ್ದಳು.

ಈಗ ಅರ್ಥವಾಯಿತಲ್ಲ, ಆ ಆಫ್ರಿಕಾದ ಊರಿನ ಗತಿ ನನಗೆ ಹೇಗೆ ಗೊತ್ತಾಯಿತೆಂದು. ಮಂಟಪದ ಅರ್ಧ ಚಾವಣಿ ನಾನು ಬರುವ ಮುಂಚೆಯೇ ನಮ್ಮ ಓಣಿಯ ಮದುವೆಗಳಿಂದ ಬಿದ್ದುಹೋಗಿತ್ತು. ಇನ್ನರ್ಧದ ಕೆಳಗೆ ದನ ಕಾಯುವವರು ನೆರಳಿಗೆ ಕೂರುತ್ತಿದ್ದರು.

ಆಷಾಢಕ್ಕೆ ನಾನು ತವರಿಗೆ ಹೋದೆ. ತಿರುಗಿ ಬಂದಾಗ ಹಿತ್ತಿಲಲ್ಲಿ ನನ್ನ ಕಲ್ಲು ಕೂತಿತ್ತು. ಹಲಗೆ ಇಲ್ಲ, ಗದ್ದಲ ಇಲ್ಲ, ನಾನು ಇಲ್ಲದಾಗ ಬೆಳಕು ಹರಿಯುವ ಮುಂಚೆ ಅಣ್ಣತಮ್ಮಂದಿರಿಬ್ಬರೇ ತಂದು ಹಾಕಿದ್ದರಂತೆ. ನೋಡಿದೆ. ಬೋಳು. ಬಳ್ಳಿ ಇಲ್ಲ, ತಾವರೆ ಇಲ್ಲ, ಹಂಸದ ಮಾತು ದೂರ. ಒಂದು ತುದಿಯಲ್ಲಿ ದುಂಡಗೆ ಒಂದು ಕುಣಿ, ನಡುವೆ ಸ್ವಲ್ಪ ತಗ್ಗು. ಅಷ್ಟೇ.

"ಇದ ಸಿಕ್ತೇನು ನಿಮಗ?" ಅಂದೆ ಯಜಮಾನರಿಗೆ.

"ಗಟ್ಟಿ ಐತಿ," ಅಂದರು ಅವರು.

ಮಾತು ಕಡಿಮೆ ಆ ಮನುಷ್ಯನದು. ಇಡೀ ಸಂಸಾರದಲ್ಲಿ ನನ್ನ ಪಾಲಿನದು, ಅವರ ಪಾಲಿನದು, ಎರಡನ್ನೂ ನಾನೇ ಆಡಿದ್ದೇನೆ. ಆದರೆ ಕಲ್ಲು ಗಟ್ಟಿ ಇತ್ತು, ಸುಳ್ಳು ಹೇಳಬಾರದು. ತಗ್ಗಿನಲ್ಲಿ ನೀರು ನಿಲ್ಲದೆ ಸರಾಗ ಇಳಿದು ಹೋಗುತ್ತಿತ್ತು. ಕುಣಿಯಲ್ಲಿ ಸಬಕಾರ ಇಟ್ಟರೆ ಜಾರುತ್ತಿರಲಿಲ್ಲ, ಅಳತೆ ತೆಗೆದು ಕೊರೆದಂತಿತ್ತು. ಗಂಗಮ್ಮನ ಸಬಕಾರ ಹಂಸಗಳ ಮೇಲಿಂದ ಜಾರಿ ಮಣ್ಣಿಗೆ ಬೀಳುವುದನ್ನು ನೋಡಿ ನಾನು ಎಷ್ಟು ಸಲ ಒಳಗೊಳಗೇ ಖುಷಿಪಟ್ಟಿದ್ದೇನೋ. ಮಕ್ಕಳ ತೊಟ್ಟಿಲ ಬಟ್ಟೆ, ಬಾಣಂತಿಯ ಬಟ್ಟೆ, ಹತ್ತಿ ಬಿಡಿಸಿ ಬಂದ ದಿನದ ಧೂಳಿನ ಸೀರೆ, ಎಲ್ಲ ಅದೇ ಕಲ್ಲು ತಿಂದಿತು. ಸಿಟ್ಟು ಬಂದ ದಿನ ಯಜಮಾನರ ಅಂಗಿಯನ್ನು ಎರಡು ಸಲ ಹೆಚ್ಚಿಗೆ ಬಡಿಯುತ್ತಿದ್ದೆ. ಅವರಿಗೆ ಪೆಟ್ಟಾಗಲಿಲ್ಲ, ನನಗೆ ಹಗುರಾಯಿತು, ಗುಂಡಿ ಮಾತ್ರ ಒಡೆಯುತ್ತಿದ್ದವು.

ಬಡಿಯಲು ಕಾರಣ ಬಹಳ ಸಲ ಒಂದೇ. ನಮ್ಮ ದನದ ಮನೆಗೆ ಕಲ್ಲಿನ ಹೊಸ್ತಿಲು ಇರಲಿಲ್ಲ. ಹೊಸ ಸೊಸೆಯೆಂದು ಅತ್ತೆ ನನ್ನನ್ನು ಅತ್ತ ಬಿಟ್ಟದ್ದೇ ಆಷಾಢ ಕಳೆದ ಮೇಲೆ, ಆಗಲೇ ನೋಡಿದ್ದು. ಊರಲ್ಲಿ ಎಲ್ಲರಿಗೂ ಇತ್ತು, ನಮಗೆ ಮಾತ್ರ ಒಂದು ಮರದ ದಿಮ್ಮಿ. ಬಾಗಿಲು ಅದಕ್ಕೆ ಉಜ್ಜಿ ಕಿರ್ರೋ ಅನ್ನುತ್ತಿತ್ತು. ಮಳೆ ಬಂದರೆ ಅದರಡಿಯಿಂದ ನೀರು ಒಳಗೆ. ಸಗಣಿ, ಗಂಜಲ, ನೀರು ಎಲ್ಲ ಕಲಸಿಕೊಂಡಿದ್ದನ್ನು ಬಳಿಯುವವಳು ನಾನು.

"ಊರು ತುಂಬ ಕಲ್ಲು ಅದಾವ. ಒಂದು ಹೊಸ್ತಿಲು ಹಾಕಾಕ ಆಗಲ್ಲೇನು ನಿಮಗ?"

"ಇರ್ಲಿ ಬಿಡು. ದನ ಏನ್ ಬೈತಾವೇನು?"

ದನ ಬೈಯಲಿಲ್ಲ. ನಾನು ಬೈದೆ. ಅವರು ಬದುಕಿದ್ದಷ್ಟು ಕಾಲವೂ, ಮಳೆ ಬಂದಾಗಲೆಲ್ಲ, ತಪ್ಪದೆ.

ನನ್ನ ನಂತರ ಬಂದ ಸೊಸೆಯರಿಗೆ ಸಿಮೆಂಟಿನ ಕಟ್ಟೆ ಬಂತು, ಆ ಪದ್ಧತಿ ನನ್ನ ಕಲ್ಲಿಗೇ ನಿಂತಿತು. ಬಳ್ಳಾರಿಗೆ ಬರುವಾಗ ನಾನು ಅದನ್ನೂ ಟ್ರಾಕ್ಟರಿನಲ್ಲಿ ಹೇರಿಸಿದೆ. ಶೈಲಜಾ ಬಾಗಿಲಲ್ಲೇ ನಿಂತು, "ಎಲ್ಲಾರ ತಾಯಂದಿರು ಬಂಗಾರ ತರ್ತಾರ, ನಮ್ಮವ್ವ ಕಲ್ಲು ತಂದಾಳ," ಅಂದಳು. ಅನ್ನಲಿ. ಈ ಮನೆಯಲ್ಲಿ ಮಂಚ ಮಗಳದು, ಟಿವಿ ಅಳಿಯನದು, ತಲೆಯ ಮೇಲೆ ತಿರುಗುವ ಫ್ಯಾನು ಕೂಡ ಅವರೇ ಹಾಕಿಸಿದ್ದು. ಚೆನ್ನಾಗಿ ನೋಡಿಕೊಳ್ಳುತ್ತಾರೆ, ಒಂದು ಮಾತು ಕೆಟ್ಟದಾಗಿ ಆಡುವಂತಿಲ್ಲ. ಆದರೆ ನಾನು ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಕೂರುವ ಜಾಗ ಹಿತ್ತಿಲಲ್ಲಿ ಆ ಕಲ್ಲಿನ ಮುಂದಿನದು ಒಂದೇ. ಅದು ನನ್ನದು.

ರೋಮನ್ ಊರಿನ ಮಾತಾದ ಮರುದಿನವೇ ಗಂಗಮ್ಮನ ಫೋನು ಬಂತು.

"ಏನವ್ವಾ ಈರಮ್ಮಾ, ಇನ್ನೂ ಅದೀಯೇನು?"

"ಅದೀನಿ. ನಿನ್ನ ಕಳಿಸಿ ಆಮ್ಯಾಲೆ ಹೋಗ್ತೀನಿ. ಏನು ಬೇಕಾಗಿತ್ತು?"

"ನಿನ್ನ ಕಲ್ಲು ಬೇಕಾಗಿತ್ತು."

ವಿಷಯ ಇಷ್ಟು. ಆ ಹಾಳು ಮಂಟಪದ ಹತ್ತಿರ ಈಗ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಗಾಡಿ ಬರುವ ತನಕ ಬಿಸಿಲಲ್ಲಿ ನಿಲ್ಲುತ್ತಾರೆ. ನಮ್ಮ ಓಣಿಯವರೇ ಸೇರಿ ಮಂಟಪವನ್ನು ಎತ್ತಿ ನಿಲ್ಲಿಸುತ್ತಿದ್ದಾರೆ. ಹೇಗೂ ಎಲ್ಲರ ಮನೆಗೂ ವಾಷಿಂಗ್ ಮಷೀನು ಬಂದಿದೆ. ಅವರವರ ಮನೆಯ ಸೊಸೆಗಲ್ಲುಗಳನ್ನು ಎಲ್ಲರೂ ವಾಪಸ್ ಕೊಟ್ಟಿದ್ದಾರೆ.

"ನಾ ನನ್ನ ಹಂಸದ ಕಲ್ಲು ಕೊಟ್ಟೆ ನೋಡವ್ವ. ತೊಳದು, ಅರಿಷಿಣ ಹಚ್ಚಿ ಕಳಿಸೀನಿ. ಮೆಟ್ಟಿಲಿನ್ಯಾಗ ಒಂದು ಜಾಗ ಖಾಲಿ ಉಳದೈತಿ. ಅದು ನಿಂದ."

"ನಂದು ಕೊಡಾಂಗಿಲ್ಲ."

"ನಿಂದೇನ ಅದು? ಊರಿಂದು. ಬಳ್ಳಾರಿಗೆ ಹೊತ್ಕೊಂಡು ಹೋಗಿ ಕುಂತೀಯಲ್ಲ, ಊರ ಮಂದಿ ಏನಂತಾರ?"

"ನಿನಗ ಹಂಸ ಬಂತು, ನನಗ ಬೋಳು ಬಂತು. ಅವತ್ತು ಯಾರೂ ಊರಿಂದು ಅನ್ನಲಿಲ್ಲ. ಈಗ ಊರು ನೆನಪಾತೇನು?"

"ಅಯ್ಯ, ಇನ್ನೂ ಅದನ್ನ ಹಿಡಕೊಂಡೀಯಾ! ನನಗಂತೂ ಅದು ನೆನಪ ಇರಲಿಲ್ಲ ನೋಡು."

ಸುಳ್ಳು. ಚೆನ್ನಾಗಿ ನೆನಪಿತ್ತು ಅವಳಿಗೆ. ಫೋನು ಇಟ್ಟೆ.

ಊರಿನವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಕೊಡಲು ಮನಸ್ಸಾಗಲಿಲ್ಲ. ಸಿರುಗುಪ್ಪದ ತೂಬಿನ ಚಪ್ಪಡಿಯ ಮೇಲೆ ಕೂತು ಯಾರು ಏಳು ಅಂದರೂ ಏಳದ ಹುಡುಗಿ ಇನ್ನೂ ಒಳಗೆ ಹಾಗೇ ಕೂತಿದ್ದಳು, ಅಷ್ಟೇ.

ಸಹನಾ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. "ಹಂಗಾದ್ರ ಅಮ್ಮಮ್ಮಾ, ಆ ಊರು ಕೆಡವಿದ ಸೊಸಿಯಂದಿರಾಗ ನೀನೂ ಒಬ್ಬಾಕಿ!"

"ಹೌದು. ಅದಕ್ಕ ಅಲ್ಲೇನು ನನಗ ಗೊತ್ತಾಗಿದ್ದು?"

ಆ ವಾರವೇ ನಮ್ಮ ಮನೆಗೂ ಮಷೀನು ಬಂತು. ಅದಕ್ಕೆ ನಳ ಹಾಕಲು ಬಂದ ಖಾಜಾ ಹಿತ್ತಿಲು ನೋಡಿ, "ಅಮ್ಮಾ, ಈ ಕಲ್ಲು ಒಂಚೂರು ಸರಿಸಬೇಕ್ರಿ, ಪೈಪು ಹೋಗಲ್ಲ," ಅಂದ. ಸರಿಸುವುದಾದರೆ ಪೂರಾ ಮಗುಚಿಯೇ ನೋಡೋಣ, ಅಡಿಯಲ್ಲಿ ಕೆತ್ತನೆ ಇದ್ದರೂ ಇರಬಹುದು ಎಂದು ಸಹನಾಳ ಹಟ. ನಿಜ ಹೇಳಬೇಕೆಂದರೆ ನನಗೂ ಅದೇ ಆಸೆ. ಇಷ್ಟು ವರ್ಷ ತಲೆಕೆಳಗಾಗಿ ಇದ್ದ ಹಂಸವೊಂದು ಸಿಕ್ಕರೆ ಗಂಗಮ್ಮನಿಗೆ ತೋರಿಸಬಹುದಿತ್ತು.

ಖಾಜಾ, ಅಳಿಯ ಇಬ್ಬರೂ ಸೇರಿ ಹಾರೆ ಹಾಕಿದರು. ಕಲ್ಲು ಮಗುಚಿತು. ಅಡಿಯಲ್ಲಿ ಒಂದು ಗೆರೆಯೂ ಇಲ್ಲ. ಎರೆಹುಳು ಇದ್ದವು. ನಾನು ಒಳಗೆ ಹೋದೆ.

ಅಷ್ಟರಲ್ಲಿ ಮತ್ತೆ ಗಂಗಮ್ಮನ ಫೋನು. ಈ ಸಲ ಮುಖ ಕಾಣುವ ಫೋನು. ಸಹನಾ ಎತ್ತಿದಳು. "ನಿಮ್ಮಜ್ಜಿ ಕಲ್ಲು ತೋರಿಸವ್ವ, ಅಳತಿ ಆಗ್ತೈತೋ ಇಲ್ಲೋ ನಿಮ್ಮ ದೊಡ್ಡಜ್ಜ ನೋಡ್ತಾರಂತ," ಅಂದಳು ಗಂಗಮ್ಮ. ಕೊಡುವುದಿಲ್ಲ ಅಂದಮೇಲೆ ಅಳತೆ ಯಾಕೆ ಎಂದು ನಾನು ಒಳಗಿನಿಂದ ಕೂಗಿದೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕಲ್ಲನ್ನು ಮತ್ತೆ ಮೊದಲಿನಂತೆ ಮಗುಚಿಸಿ, ಆ ತುದಿಯಿಂದ ಈ ತುದಿಗೆ ಸಹನಾ ಫೋನು ಹಿಡಿದುಕೊಂಡು ನಡೆದಳು. ಕುಣಿಯ ಹತ್ತಿರ ಬಂದಾಗ ಫೋನಿನೊಳಗೆ ದೊಡ್ಡಬಸಪ್ಪ ಭಾವ ನಗಲು ಶುರುಮಾಡಿದರು. ಹಲ್ಲಿಲ್ಲದ ಬಾಯಿ, ಕೆಮ್ಮು ಬರುವ ತನಕ ನಕ್ಕರು.

"ಅಲಲಲಾ! ಇದಿನ್ನೂ ಐತೇನು! ಈರಮ್ಮಾ, ಬೈಯಬ್ಯಾಡವ್ವಾ. ಇದು ಮಂಟಪದ ಕಲ್ಲ ಅಲ್ಲ."

"ಮತ್ತ?"

"ನಿಮ್ಮ ದನದ ಮನಿ ಹೊಸ್ತಿಲು. ಆ ಕುಣ್ಯಾಗ ಬಾಗಲಾ ತಿರುಗೋ ಗೂಟ ಕುಂದರ್ತಿತ್ತು. ನಡುವ ತಗ್ಗು ಐತಲ್ಲ, ದನ ತುಳುದು ಸವದಿದ್ದು."

ನಾನು ಹೊರಗೆ ಬಂದೆ. ಖಾಜಾ ಹಾರೆ ಹಿಡಿದು ಹಾಗೇ ನಿಂತಿದ್ದ.

"ನಿನಗ ಕಲ್ಲು ತರಾಕ ಅಂತ ಇಬ್ಬರೂ ಮಂಟಪಕ್ಕ ಹೋಗಿದ್ವಿ," ಅಂದರು ಭಾವ. "ನಾ ಒಂದು ಚಲೋ ಕಲ್ಲು ನೋಡಿ ಹಾರಿ ಹಾಕಿದೆ. ನಿನ್ನ ಗಂಡ ಹಾರಿ ಹಿಡಕೊಂಡ. ಇದನ್ನ ಎಬ್ಬಿಸಿದ್ರ ಕಂಬ ನಿಲ್ಲೂದಿಲ್ಲ, ಉಳದ ಚಾವಣಿನೂ ಬೀಳ್ತೈತಿ, ದನ ಕಾಯೋರು ನೆಳ್ಳಿಗೆ ಎಲ್ಲಿ ಹೋಗ್ತಾರ ಅಂದ. ಹಂಗಾದ್ರ ನಿನ್ನ ಹೆಂಡತಿಗೆ ಕಲ್ಲು ಎಲ್ಲಿಂದ ತರ್ತೀಯಲೇ ಅಂದೆ. ಸುಮ್ಮನ ಮನಿಗೆ ಬಂದು ದನದ ಮನಿ ಬಾಗಲಾ ಕಿತ್ತ."

"ಹೇಳಾಕ ಏನಾಗಿತ್ತು ಅವರಿಗೆ?"

"ದನ ತುಳುದ ಹೊಸ್ತಿಲು ಸೊಸಿಗೆ ಕೊಟ್ರು ಅಂತ ಸಿರುಗುಪ್ಪದವ್ರು ನಗ್ತಾರ, ಅಕಿಗೆ ನೋವಾಗ್ತೈತಿ, ಬಾಯಿ ಬಿಟ್ರ ನೋಡು ಅಂದಿದ್ದ. ನಮ್ಮವ್ವಗ ಗೊತ್ತಿತ್ತು. ನನಗ ಗೊತ್ತಿತ್ತು. ಅಷ್ಟ."

ಹಿಂದಿನಿಂದ ಗಂಗಮ್ಮನ ದನಿ, "ನನಗೂ ಹೇಳಿಲ್ಲಲ್ಲರೀ ಇಷ್ಟು ವರ್ಷ!"

"ನಿನಗ ಹೇಳಿದ್ರ ಅವತ್ತ ಸಿರುಗುಪ್ಪ ಮುಟ್ತಿತ್ತು."

ಎಲ್ಲರೂ ನಕ್ಕರು. ಕೊನೆಗೆ ಗಂಗಮ್ಮ, "ಹಂಗಾದ್ರ ನಿನ್ನ ಕಲ್ಲು ನೀ ಇಟ್ಕೋಳವ್ವ ಈರಮ್ಮಾ. ಅದು ನಿಂದ. ಖಾಲಿ ಜಾಗಕ್ಕ ಸಿಮೆಂಟು ಹಾಕ್ತಾರ ಬಿಡು," ಅಂದಳು. ಆ ಜಾಗದ ಕಲ್ಲು ಯಾವ ಕಾಲಕ್ಕೆ ಯಾರ ಗೋಡೆಯೊಳಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ಗೆದ್ದದ್ದು ನಾನೇ. ಗೆದ್ದ ಖುಷಿ ಮಾತ್ರ ಸಂಜೆಯ ತನಕವೂ ಬರಲಿಲ್ಲ.

ಅಳಲಿಲ್ಲ. ಅಳುವುದಕ್ಕೆ ಏನಾಗಿದೆ? ಅಂದೇ ಗೊತ್ತಾಗಿದ್ದರೆ ಭಾವ ಹೇಳಿದ ಹಾಗೆಯೇ ಆಗುತ್ತಿತ್ತು, ದನದ ಹೊಸ್ತಿಲು ಕೊಟ್ಟರೆಂದು ಗಂಟು ಕಟ್ಟಿಕೊಂಡು ತವರಿಗೆ ಹೋಗಿ ಕೂರುತ್ತಿದ್ದೆ. ಹೇಳದೆ ಇದ್ದದ್ದೇ ಸರಿ. ಆದರೆ ಆ ಮನುಷ್ಯನ ಮೇಲೆ ಸಿಟ್ಟೂ 
ಬಂತು. ನನಗೊಂದು ಕಲ್ಲಾಗಲಿ ಎಂದು ತನ್ನ ಹೊಸ್ತಿಲು ಕಿತ್ತುಕೊಟ್ಟವನು, ಆ ಹೊಸ್ತಿಲು ಇಲ್ಲವೆಂದು ಅದೇ ಕಲ್ಲಿನ ಮೇಲೆ ತನ್ನ ಅಂಗಿ ಬಡಿಸಿಕೊಳ್ಳುತ್ತ ಬದುಕಿದ್ದಷ್ಟು ಕಾಲ ಸುಮ್ಮನಿದ್ದ. ಒಂದು ಸಲವಾದರೂ "ಅದು ನಿನ್ನ ಕೈ ಕೆಳಗೇ ಐತಲ್ಲೇ" ಅನ್ನಬಾರದಿತ್ತೇ? ನಾಲಿಗೆ ಏನು ಸವೆಯುತ್ತಿತ್ತು? ಆ ಕಾಲದಲ್ಲಿ ಒಡೆದ ಗುಂಡಿಗಳ ಜಾಗಕ್ಕೆಲ್ಲ ಹೊಸ ಗುಂಡಿ ಹೊಲಿದುಕೊಂಡವರೂ ಅವರೇ. ನನಗೆ ಸೂಜಿಗೆ ದಾರ ಪೋಣಿಸಲು ಬೇಸರ.

ಸಂಜೆ ಸಹನಾ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು. "ಅಮ್ಮಮ್ಮಾ, ಈಗ ಏನಂತ ಹೇಳಲಿ? ಊರು ಹೆಂಗ ಹಾಳಾತು?"

ಆ ಚಿತ್ರವನ್ನು ಮತ್ತೊಮ್ಮೆ ತೋರಿಸು ಅಂದೆ. ಈ ಸಲ ಬಿದ್ದಿದ್ದನ್ನು ಬಿಟ್ಟು ನಿಂತಿದ್ದನ್ನು ನೋಡಿದೆ. ಎಷ್ಟೊಂದು ನಿಂತಿತ್ತು! ಕಮಾನು ನಿಂತಿತ್ತು, ಮೆಟ್ಟಿಲ ಸಾಲು ನಿಂತಿತ್ತು, ಆ ನಗೆ ಬರುವ ಬೆಂಚು ಕೂಡ ಹಾಗೇ ಇತ್ತು. ಪಕ್ಕದ ಹಳ್ಳಿಯಲ್ಲಿ ಅಷ್ಟು ಶತಮಾನ ಮದುವೆಗಳು ನಿಂತಿರಲಿಕ್ಕಿಲ್ಲ. ಸೊಸೆಯಂದಿರು ಬರುತ್ತಲೇ ಇದ್ದರು, ಕಲ್ಲು ಬೇಕಾಗುತ್ತಲೇ ಇತ್ತು. ಆದರೂ ಇಷ್ಟು ಉಳಿದಿದೆ ಅಂದರೆ ಹಾರೆ ಹಾಕಿದವನ ಕೈ ಹಿಡಿದವರು ಅಲ್ಲೂ ಯಾರೋ ಇದ್ದರು. ಮನೆಗೆ ಹೋಗಿ ತಮ್ಮದನ್ನೇ ಏನನ್ನೋ ಕಿತ್ತು ಕೊಟ್ಟರು, ಹೆಂಡತಿಯಿಂದ ಬೈಸಿಕೊಂಡರು, ಹೇಳದೆ ಸತ್ತರು. ಅವರ ಹೆಸರು ಯಾವ ಮೇಡಮ್ಮಿಗೂ ಗೊತ್ತಿರಲಿಕ್ಕಿಲ್ಲ. ಅವರು ಚೆನ್ನಾಗಿರಲಿ ಅಂದುಕೊಂಡೆ. ಸತ್ತವರು ಚೆನ್ನಾಗಿರುವುದು ಹೇಗೋ ಗೊತ್ತಿಲ್ಲ, ಆದರೂ ಅಂದುಕೊಂಡೆ.

"ಹಾಳಾಗಿದ್ದು ಹೆಂಗ ಅಂತ ನಾ ಮೊದಲು ಹೇಳಿದ್ದ ಖರೆ," ಅಂದೆ. "ಇಷ್ಟು ಹೆಂಗ ಉಳೀತು ಅಂತ ಕೇಳು ನಿಮ್ಮ ಮೇಡಂಗ."

ಅವಳು ಏನೋ ಬರೆದುಕೊಂಡಳು. ಮಾರ್ಕ್ಸ್ ಬಂತೋ ಬಿಟ್ಟಿತೋ ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನನ್ನ ಸೀರೆಯೊಂದನ್ನು ಆ ಕಲ್ಲಿನ ಮೇಲೆ ಒಗೆದು ಹಗ್ಗಕ್ಕೆ ಹಾಕಿದೆ. ಖಾಜಾಗೆ ಫೋನು ಮಾಡಿ ಒಂದು ಲಗೇಜ್ ಆಟೋ ಕರೆದುಕೊಂಡು ಬಾ ಅಂದೆ. ಕಲ್ಲು ಆಟೋಕ್ಕೆ ಏರುವುದನ್ನು ನೋಡಿ ಶೈಲಜಾ ಹಲ್ಲುಜ್ಜುತ್ತಲೇ ಓಡಿ ಬಂದಳು.

"ಎಲ್ಲಿಗವ್ವಾ? ಕೇಳಿದಾಗ ಕೊಡಾಂಗಿಲ್ಲ ಅಂದಿ, ಈಗ ಅವರೇ ಬ್ಯಾಡ ಅಂದ್ರು. ನಿಂದ ಅಂತಾತಲ್ಲ?"

"ನಂದ ಅಂತಾದ ಮ್ಯಾಲೇ ಕೊಡಾಕ ಬರೋದು," ಅಂದೆ.

ಮಂಟಪದ ಆ ಖಾಲಿ ಜಾಗದಲ್ಲಿ ಕುಣಿ ಮೇಲೆ ಬರುವಂತೆ ಕೂರಿಸಲು ನಾನೇ ನಿಂತು ಹೇಳಬೇಕು, ಗಂಗಮ್ಮನನ್ನು ನಂಬುವಂತಿಲ್ಲ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕೂತಾಗ ಅಡಿಕೆ ಎಲೆಯೋ ಸುಣ್ಣದ ಡಬ್ಬಿಯೋ ಇಡಲು ಜಾಗವಾಗುತ್ತದೆ, ಜಾರುವುದಿಲ್ಲ. ಅದಕ್ಕೆ ನಾನು ಸಾಕ್ಷಿ. ಒಂದು ಚಮಚ ತರಿಸಿ, ಕುಣಿಯಲ್ಲಿ ಅಂಟಿ ಕೂತಿದ್ದ ಸಬಕಾರದ ಚೂರನ್ನು ಕೆರೆದು ತೆಗೆದು, ಶೈಲಜಾಳ ಕೈಗೆ ಕೊಟ್ಟೆ.

"ಇನ್ನೂ ಎರಡು ಸೀರಿಗೆ ಆಗ್ತೈತಿ. ನಿನ್ನ ಮಷೀನಿನ್ಯಾಗ ಇದನ್ನ ಎಲ್ಲಿ ಇಡಬೇಕು ಅಂತ ನೋಡಿಡು, ಸಂಜಿಗೆ ಬಂದು ಕೇಳ್ತೀನಿ," ಎಂದು ಹೇಳಿ ಡ್ರೈವರನ ಪಕ್ಕ ಹತ್ತಿ ಕೂತೆ.